ಗ್ರಾಬ್ಸ್ಕಿ ಮತ್ತು ಜ್ಲೋಟಿ: ಬಿದ್ದರೂ ಸೋಲದ ಒಂದು ಸುಧಾರಣೆ

ರಷ್ಯಾ, ಪ್ರಷ್ಯ, ಆಸ್ಟ್ರಿಯಾಗಳ ನಡುವೆ 123 ವರ್ಷ ಹಂಚಿಹೋಗಿದ್ದ ಪೋಲೆಂಡ್ 1918ರಲ್ಲಿ ಮತ್ತೆ ಒಂದು ದೇಶವಾಯಿತು. ಆದರೆ ಜನರ ಕೈಯಲ್ಲಿ ರೂಬಲ್, ಕ್ರೌನ್, ಮಾರ್ಕ್‌ಗಳೆಲ್ಲ ಓಡಾಡುತ್ತಿದ್ದವು. ಗಡಿಗಳಿಗಾಗಿ ಯುದ್ಧ ನಡೆಯುತ್ತಿತ್ತು, ತೆರಿಗೆ ವಸೂಲಿಗೆ ಗಟ್ಟಿ ವ್ಯವಸ್ಥೆಯೇ ಇರಲಿಲ್ಲ. ಸರ್ಕಾರ ನೋಟು ಮುದ್ರಿಸಿ ಖರ್ಚು ತೂಗಿಸಿತು. 1918ರ ಕೊನೆಗೆ ಡಾಲರಿಗೆ ಹತ್ತು ಪೋಲಿಷ್ ಮಾರ್ಕ್‌ನ ಆಸುಪಾಸಿನಲ್ಲಿದ್ದ ದರ 1924ರ ಆರಂಭಕ್ಕೆ 90 ಲಕ್ಷ ದಾಟಿತು. 1923ರ ನವೆಂಬರಿನಲ್ಲಿ ಕ್ರಾಕೋವ್‌ನಲ್ಲಿ ಮುಷ್ಕರನಿರತ ಕಾರ್ಮಿಕರಿಗೂ ಸೈನ್ಯಕ್ಕೂ ನಡೆದ ಘರ್ಷಣೆಯಲ್ಲಿ ರಕ್ತ ಹರಿಯಿತು. ನೋಟಿನ ಬೆಲೆ ಬಿದ್ದರೆ ರಾಜ್ಯದ ಮೇಲಿನ ನಂಬಿಕೆಯೂ ಬೀಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆ ಡಿಸೆಂಬರಿನಲ್ಲಿ ಪ್ರಧಾನಿ ಮತ್ತು ಹಣಕಾಸು ಸಚಿವ ಎರಡೂ ಆಗಿ ಬಂದವರು ವ್ಲಾದಿಸ್ವಾವ್ ಗ್ರಾಬ್ಸ್ಕಿ. 1874ರಲ್ಲಿ ಹುಟ್ಟಿದ ಈ ಅರ್ಥಶಾಸ್ತ್ರಜ್ಞ ಕೃಷಿಯನ್ನೂ ಓದಿದವರು, ರಷ್ಯಾದ ಸಂಸತ್ತಾದ ದೂಮಾದಲ್ಲಿ ಕೂತವರು, 1920ರ ಸೋವಿಯತ್ ಯುದ್ಧದ ನಡುವೆ ಕೆಲವೇ ವಾರ ಪ್ರಧಾನಿಯಾಗಿದ್ದವರು. ಸಂಸತ್ತಿನಿಂದ ವಿಶೇಷಾಧಿಕಾರ ಪಡೆದ ಅವರು ಸರ್ಕಾರದ ಖರ್ಚಿಗಾಗಿ ನೋಟು ಮುದ್ರಿಸುವುದನ್ನು 1924ರ ಫೆಬ್ರವರಿಯಿಂದ ನಿಲ್ಲಿಸಿದರು. ಮಾರ್ಕ್‌ನ ಜಾಗಕ್ಕೆ ಬರಲಿದ್ದ ಹೊಸ ಹಣ ಜ್ಲೋಟಿಯ ಲೆಕ್ಕದಲ್ಲಿ ಆಸ್ತಿ ತೆರಿಗೆಯಿಂದ 100 ಕೋಟಿ ಎತ್ತುವ ಗುರಿಯಿಟ್ಟರು, ರೈಲ್ವೆಗೆ ಸುರಿಯುತ್ತಿದ್ದ ಹಣಕ್ಕೆ ಕಡಿವಾಣ ಹಾಕಿದರು. ಏಪ್ರಿಲ್‌ನಲ್ಲಿ 10 ಕೋಟಿ ಜ್ಲೋಟಿ ಬಂಡವಾಳದ ಹೊಸ ಕೇಂದ್ರ ಬ್ಯಾಂಕ್, ಬ್ಯಾಂಕ್ ಪೋಲ್ಸ್ಕಿ, ಬಾಗಿಲು ತೆರೆಯಿತು. ಅದು ಸರ್ಕಾರದ ಖಾತೆಯಾಗದೆ, ಷೇರುದಾರರ ಬ್ಯಾಂಕ್ ಆಗಿರಬೇಕೆಂಬುದು ಅವರ ನಿಲುವಾಗಿತ್ತು. 18 ಲಕ್ಷ ಮಾರ್ಕ್‌ಗೆ ಒಂದು ಜ್ಲೋಟಿ ಸಿಕ್ಕಿತು. ಆಸ್ಟ್ರಿಯಾ 1922ರಲ್ಲಿ ರಾಷ್ಟ್ರಸಂಘದ ಮಧ್ಯಸ್ಥಿಕೆಯಲ್ಲಿ ಸಾಲ ಪಡೆದು, ಅದರ ಕಮಿಷನರ್ ಕೈಗೆ ತನ್ನ ಖಜಾನೆಯ ಉಸ್ತುವಾರಿ ಒಪ್ಪಿಸಿತ್ತು. ಗ್ರಾಬ್ಸ್ಕಿ ಅಂಥ ಸಾಲಕ್ಕೆ ಕಾಯದೆ ಸ್ವಂತ ನಾಗರಿಕರ ತೆರಿಗೆಯನ್ನೇ ನೆಚ್ಚಿ ಕೆಲಸ ಆರಂಭಿಸಿದರು.

ಇದು ಹಟಮಾರಿತನವೇ ಹೊರತು ಸಾಧನೆಯಲ್ಲ ಎನ್ನುವವರ ಬಳಿ ಗಟ್ಟಿ ಕಾರಣಗಳಿವೆ. ಜ್ಲೋಟಿಯ ದರ ಆ ಬಡ ದೇಶಕ್ಕೆ ಎತ್ತರದ್ದಾಗಿತ್ತು, ಆಸ್ತಿ ತೆರಿಗೆ ಗುರಿಗಿಂತ ಬಹಳ ಕಡಿಮೆ ಬಂತು, ಕೊರತೆ ತುಂಬಲು ಖಜಾನೆಯೇ ಚಿಲ್ಲರೆ ಹಣವನ್ನು ಹೆಚ್ಚೆಚ್ಚು ಹೊರಡಿಸಿತು. 1924ರ ಬೆಳೆ ಕೈಕೊಟ್ಟಿತು. 1925ರಲ್ಲಿ ಜರ್ಮನಿ ಪೋಲೆಂಡಿನ ಕಲ್ಲಿದ್ದಲಿಗೆ ಬಾಗಿಲು ಹಾಕಿ ಸುಂಕದ ಸಮರಕ್ಕಿಳಿಯಿತು. ಜ್ಲೋಟಿ ಜಾರತೊಡಗಿದಾಗ ಅದನ್ನು ಇನ್ನೂ ಎತ್ತಿಹಿಡಿಯಲು ಬ್ಯಾಂಕ್ ಪೋಲ್ಸ್ಕಿ ಒಪ್ಪಲಿಲ್ಲ. ನವೆಂಬರಿನಲ್ಲಿ ಗ್ರಾಬ್ಸ್ಕಿ ರಾಜೀನಾಮೆ ಕೊಟ್ಟರು. ಬೆಳೆಹಾನಿಯೂ ಸುಂಕದ ಸಮರವೂ ಅವರ ಕೈಮೀರಿದವು, ಆದರೆ ದರ ಮತ್ತು ಚಿಲ್ಲರೆ ಹಣದ ತಪ್ಪು ಅವರದೇ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ.

ಆದರೂ ಕುಸಿದದ್ದು ಏನು, ಉಳಿದದ್ದು ಏನು ಎಂಬುದನ್ನು ಬೇರ್ಪಡಿಸಿ ನೋಡಬೇಕು. ಕುಸಿದದ್ದು ವಿನಿಮಯ ದರ. 1927ರಲ್ಲಿ ಅಮೆರಿಕದ ಸಾಲದ ಬೆಂಬಲದಿಂದ ಡಾಲರಿಗೆ 8.91ರಂತೆ ದರ ನಿಗದಿಯಾದಾಗ, ಆ ಕಡಿಮೆ ದರದಲ್ಲಿ ನಿಂತದ್ದು ಅದೇ ಜ್ಲೋಟಿ. ಸಾಲ ಕೊಟ್ಟವರಿಗೆ ನೆಲೆಯಾಗಿ ಸಿಕ್ಕಿದ್ದು ಅದೇ ಬ್ಯಾಂಕ್. ಗ್ರಾಬ್ಸ್ಕಿಯವರದು ಮೊದಲ ಅರ್ಧ, ಸಾಲ ತಂದದ್ದು ಎರಡನೆಯ ಅರ್ಧ. ಮೊದಲನೆಯದಿಲ್ಲದೆ ಎರಡನೆಯದಕ್ಕೆ ಆಧಾರವಿರುತ್ತಿರಲಿಲ್ಲ. ಹೊರಗಿನ ಹಣ ಒಂದು ದರವನ್ನು ಕಾಪಾಡಬಲ್ಲದು, ಆದರೆ ತೆರಿಗೆ ಕಟ್ಟುವ ಅಭ್ಯಾಸವನ್ನು, ನೋಟು ಮುದ್ರಣಕ್ಕೆ ಕಡಿವಾಣ ಹಾಕುವ ಕಾನೂನನ್ನು ದೇಶ ತಾನೇ ಕಟ್ಟಿಕೊಳ್ಳಬೇಕು. ಹೊಸ ದೇಶಕ್ಕೆ ಆ ಕಷ್ಟದ ಕೆಲಸ ಮಾಡಿಕೊಟ್ಟವರೆಂದೇ ಗ್ರಾಬ್ಸ್ಕಿಯವರನ್ನು ಅಳೆಯಬೇಕು.