ಭಾರ ಮೇಲೇರುವ ಬುಗುರಿ

ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಗೆ ಅಂಬೆಗಾಲು ಕೃಷ್ಣನನ್ನು ನೋಡಲು ಬರುವವರು, ಮಕ್ಕಳು ಜತೆಗಿದ್ದರೆ, ಚನ್ನಪಟ್ಟಣದ ಬೊಂಬೆ ಅಂಗಡಿಗೂ ಹೊಕ್ಕು ಹೋಗುತ್ತಾರೆ. ಅಲ್ಲಿನ ಬುಗುರಿಗಳಲ್ಲಿ ಒಂದು ಬಗೆ ವಿಚಿತ್ರದ್ದು: ಚೆಂಡಿನಂತೆ ದುಂಡಗಿನ ಒಡಲು, ಅದರ ಮೇಲೊಂದು ಗಿಡ್ಡ ಹಿಡಿ. ಹಿಡಿಯನ್ನು ಬೆರಳಲ್ಲಿ ತಿರುಪಿ ಬಿಟ್ಟರೆ ಕೊಂಚ ಹೊತ್ತು ನೆಟ್ಟಗೆ ತಿರುಗುತ್ತದೆ. ಆಮೇಲೆ ವಾಲುತ್ತ ವಾಲುತ್ತ ಹಿಡಿಯನ್ನು ನೆಲಕ್ಕೆ ತಾಗಿಸಿ, ಅದೇ ಹಿಡಿಯ ಮೇಲೆ ತಲೆಕೆಳಗಾಗಿ ಎದ್ದು ನಿಲ್ಲುತ್ತದೆ. ಭಾರದ ಭಾಗ ತಾನಾಗಿ ಮೇಲೇರುತ್ತದೆ!

ಇಂಥ ಬುಗುರಿಗೆ ಜರ್ಮನಿಯ ಮ್ಯೂನಿಕ್‌ನ ಹೆಲೆನ್ ಸ್ಪರ್ಲ್ ಎಂಬಾಕೆ 1891ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಅದು ವಿಜ್ಞಾನಿಗಳ ನಿದ್ದೆ ಕೆಡಿಸಿದ್ದು 1950ರ ಸುಮಾರಿಗೆ. ಸ್ವೀಡನ್‌ನ ಲುಂಡ್‌ನಲ್ಲಿ 1951ರಲ್ಲಿ ತೆಗೆದ ಫೋಟೋ ಒಂದಿದೆ: ನೀಲ್ಸ್ ಬೋರ್ ಮತ್ತು ವೋಲ್ಫ್‌ಗ್ಯಾಂಗ್ ಪೌಲಿ, ಇಬ್ಬರೂ ನೊಬೆಲ್ ಪಡೆದವರು, ನೆಲದತ್ತ ಬಗ್ಗಿ ಈ ಬುಗುರಿಯನ್ನೇ ನೋಡುತ್ತಿದ್ದಾರೆ. ಆ ಮುಖಗಳಲ್ಲಿರುವ ಕುತೂಹಲ ನನಗೆ ತುಂಬ ಇಷ್ಟ.

ಗುಟ್ಟಿನ ಸುಳಿವು ತಿರುಗುವ ದಿಕ್ಕಿನಲ್ಲೇ ಇದೆ. ಬುಗುರಿಯನ್ನು ಬಲಕ್ಕೆ ತಿರುಪಿ ಬಿಡಿ. ತಲೆಕೆಳಗಾದ ಮೇಲೂ ಮೇಲಿಂದ ನೋಡಿದವರಿಗೆ ಅದು ಬಲಕ್ಕೇ ತಿರುಗುತ್ತಿರುತ್ತದೆ. ಆದರೆ ಹಿಡಿಯ ತುದಿ ಈಗ ಕೆಳಗಿದೆ; ಆ ತುದಿಯ ಕಡೆಯಿಂದ ನೋಡಿದರೆ ತಿರುಗುವುದು ಎಡಕ್ಕೆ. ಅಂದರೆ ವಾಲುತ್ತಿರುವಾಗಲೇ, ನಡುದಾರಿಯಲ್ಲೆಲ್ಲೋ, ಬುಗುರಿ ತನ್ನದೇ ಅಕ್ಷದ ಸುತ್ತ ತಿರುಗುವುದನ್ನು ನಿಲ್ಲಿಸಿ ಉಲ್ಟಾ ತಿರುಗಲು ಶುರುಮಾಡಿರಬೇಕು. ಹಾಗೆ ಮಾಡಿಸಿದ್ದು ಯಾರು? ನೆಲ ಬುಗುರಿಯನ್ನು ಮೇಲಕ್ಕೆ ಒತ್ತುವ ಬಲ ದುಂಡು ಒಡಲಿನ ನಡುಬಿಂದುವಿನ ಮೂಲಕ, ಅಂದರೆ ಅಕ್ಷದ ಮೂಲಕವೇ ಹಾಯುತ್ತದೆ. ಅದರಿಂದ ಈ ತಿರುಗಾಟ ಬದಲಾಗದು. ಉಳಿದದ್ದು ನೆಲದ ಮೇಲೆ ಜಾರುವಾಗಿನ ಘರ್ಷಣೆಯೊಂದೇ. 1952ರಲ್ಲಿ ‘ಫಿಸಿಕಾ’ ಪತ್ರಿಕೆಯಲ್ಲಿ ಬ್ರಾಮ್ಸ್ ಮತ್ತು ಹ್ಯೂಗನ್‌ಹೋಲ್ಟ್ಸ್ ಎಂಬ ಡಚ್ ಭೌತವಿಜ್ಞಾನಿಗಳು ಬೇರೆಬೇರೆಯಾಗಿ ಬರೆದು ಇದನ್ನೇ ಹೇಳಿದರು. ಮೇಲೇರಲು ಬೇಕಾದ ಶಕ್ತಿ ಬರುವುದು ತಿರುಗಾಟದಿಂದಲೇ. ಅದಕ್ಕೇ ಎದ್ದು ನಿಂತ ಬುಗುರಿಯ ವೇಗ ಇಳಿದಿರುತ್ತದೆ.

ಕಾಗದದ ಮೇಲಿನ ಲೆಕ್ಕಕ್ಕೆ ಅಂದಾಜುಗಳು ಬೇಕಾಗುತ್ತಿದ್ದವು. 1977ರಲ್ಲಿ ರಿಚರ್ಡ್ ಕೋಹೆನ್ ಪೂರ್ತಿ ಸಮೀಕರಣಗಳನ್ನು ಘರ್ಷಣೆಯ ಸಮೇತ ಕಂಪ್ಯೂಟರಿಗೆ ಕೊಟ್ಟು, ಕ್ಷಣಕ್ಷಣದ ಚಲನೆಯನ್ನು ಬಿಡಿಸಿದರು. ಅಂಕಿಗಳಲ್ಲಿದ್ದ ಬುಗುರಿಯೂ ವಾಲಿ ತಲೆಕೆಳಗಾಯಿತು.

ಇಂದು ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಬೊಂಬೆ ಬಿಡಿಸುವವರಿಗೂ ಇದೇ ಪಾಠ. ಬುಗುರಿಯ ಅಕ್ಷವನ್ನು ಒಂದು ಕೀಲಿಗೆ ಕಟ್ಟಿಹಾಕಿದರೆ ಪರದೆಯ ಮೇಲೆ ಅದು ಫ್ಯಾನಿನಂತೆ ತಿರುಗುತ್ತಲೇ ಇರುತ್ತದೆ. ಕೀಲು ತೆಗೆದು, ನೆಲಕ್ಕೆ ತಾಗುವ ಹಾಗೆ ಬಿಟ್ಟು, ಘರ್ಷಣೆಯನ್ನು ಮಾತ್ರ ಸೊನ್ನೆ ಮಾಡಿದರೆ ಎಷ್ಟು ಹೊತ್ತು ಕಾದರೂ ಅದು ಮಗುಚಿ ನಿಲ್ಲದು. ಘರ್ಷಣೆ ಸೇರಿಸಬೇಕು, ಮರದ ಸಾಂದ್ರತೆ ಕೊಡಬೇಕು, ಲೆಕ್ಕದ ಹೆಜ್ಜೆಗಳನ್ನು ತೀರ ಚಿಕ್ಕದಾಗಿ ಇಡಬೇಕು. 2014ರಲ್ಲಿ ಜ್ಯೂರಿಕ್‌ನ ಸಂಶೋಧಕರು ‘ಸ್ಪಿನ್-ಇಟ್’ ಎಂಬ ವಿಧಾನ ತಂದರು: ಅಂಕುಡೊಂಕಿನ ಆಕೃತಿ ಕೊಟ್ಟರೂ ಅದರ ಒಳಗನ್ನು ಲೆಕ್ಕ ಹಾಕಿ ಟೊಳ್ಳು ಮಾಡಿ, ಬುಗುರಿಯಂತೆ ತಿರುಗಿಸಬಲ್ಲದು.

ಲೇತ್ ಮೇಲೆ ಕಡೆದ ಆಲೆ ಮರದ ಬುಗುರಿಗೆ ಅಷ್ಟೆಲ್ಲ ಬೇಡ. ತಿರುಗುತ್ತಲೇ ರೂಪ ಪಡೆಯುವುದರಿಂದ ಅದು ಅಕ್ಷದ ಸುತ್ತ ಸರಿಸಮವಾಗಿಯೇ ಇರುತ್ತದೆ. ಬಣ್ಣ ಬರುವುದೂ ಉಜ್ಜಾಟದಿಂದಲೇ: ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಇನ್ನು ಕುಶಲಕರ್ಮಿ ಕಣ್ಣಿಡಬೇಕಾದದ್ದು ಒಂದು ಅಳತೆಯ ಮೇಲೆ: ದುಂಡಿನ ಮೇಲ್ಭಾಗವನ್ನು ಎಷ್ಟು ಆಳಕ್ಕೆ ಕೊರೆಯಬೇಕು. ಭಾರದ ಕೇಂದ್ರ ದುಂಡಿನ ನಡುಬಿಂದುವಿಗಿಂತ ಎಷ್ಟು ಕೆಳಗೆ ಕೂರುತ್ತದೆ, ಬುಗುರಿ ಮಗುಚುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಉಳಿಯೇಟಿನಲ್ಲೇ ತೀರ್ಮಾನವಾಗುತ್ತದೆ.