ಬೆಸುಗೆಯ ಹದ

ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಗುಡ್ಡಗಳ ನಡುವಣ ಕಂಡಿಗೆ ಅಡ್ಡಲಾಗಿ ನಿಂತ ಅಣೆಕಟ್ಟು ಮಲಪ್ರಭೆಯನ್ನು ತಡೆದಿದೆ. ಅಲ್ಲಿ ಕಟ್ಟಡದ ಭಾರವೇ ಅದರ ಬಲ. ಆದರೆ ಬಾನಿಗೇರುವ ರಾಕೆಟ್ಟಿನ ಇಂಧನದ ಟ್ಯಾಂಕಿಗೆ ಭಾರವೇ ವೈರಿ. ಅದು ಹಗುರಾಗಿರಬೇಕು; ಆದರೂ ಸೋರಬಾರದು. ಆದುದರಿಂದಲೇ ಅದನ್ನು ಅಲ್ಯೂಮಿನಿಯಮ್ ಮಿಶ್ರಲೋಹದಿಂದ ನಿರ್ಮಿಸುವುದುಂಟು.

2020ರ ನವೆಂಬರಿನಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಇಂಥದೊಂದು ಟ್ಯಾಂಕನ್ನು ಇಸ್ರೋಗೆ ಒಪ್ಪಿಸಿತು. ವ್ಯಾಸ 4 ಮೀಟರು, ಉದ್ದ 8 ಮೀಟರು. ಅದರಲ್ಲಿ ತುಂಬತಕ್ಕದ್ದು ಸೊನ್ನೆಗಿಂತ 253 ಡಿಗ್ರಿ ಕೆಳಗಿನ ಶೀತದಲ್ಲಿರುವ ದ್ರವ ಜಲಜನಕ. ಅದರ ಬೆಸುಗೆಯ ಗೆರೆಗಳ ಒಟ್ಟು ಉದ್ದ 115 ಮೀಟರು! ಅಷ್ಟರಲ್ಲಿ ಎಲ್ಲಿಯಾದರೂ ಸೂಜಿಮೊನೆಯಷ್ಟು ರಂಧ್ರ ಉಳಿದರೂ ಅನಾಹುತವೇ ಸರಿ.

ಅಲ್ಯೂಮಿನಿಯಮ್ಮನ್ನು ಬೆಸೆಯುವುದು ಉಕ್ಕನ್ನು ಬೆಸೆದಷ್ಟು ಸುಲಭವಲ್ಲ. ಶುದ್ಧ ಲೋಹವು 660 ಡಿಗ್ರಿಗೆ ಕರಗುತ್ತದೆ. ಗಾಳಿ ಸೋಕಿದೊಡನೆ ಅದರ ಮೇಲೆ ಕಟ್ಟುವ ಆಕ್ಸೈಡಿನ ಪೊರೆ ಕರಗಲು 2000 ಡಿಗ್ರಿಗೂ ಮೀರಿದ ಶಾಖ ಬೇಕು. ಆ ಪೊರೆಯನ್ನು ಒಡೆಯಲು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ತನ್ನು ಬಳಸುವುದುಂಟು. ಗಾಳಿಯನ್ನು ದೂರವಿಡಲು ಆರ್ಗಾನ್ ಅನಿಲವನ್ನು ಹಾಯಿಸುತ್ತಾರೆ. ಎಲ್ಲಿಯೋ ತೇವ ಉಳಿದಿದ್ದರೆ ಕರಗಿದ ಲೋಹವು ಅದರ ಜಲಜನಕವನ್ನು ಹೀರಿಕೊಂಡು, ಗಟ್ಟಿಯಾಗುವಾಗ ಗುಳ್ಳೆಗಳನ್ನು ಒಳಗೇ ಉಳಿಸಿಕೊಳ್ಳುತ್ತದೆ. ಟ್ಯಾಂಕು ಹಿಡಿದಿಡಬೇಕಾದ ಜಲಜನಕವೇ ಅದರ ಬೆಸುಗೆಗೆ ಶತ್ರುವಾಗುವುದು ವಿಚಿತ್ರವಲ್ಲವೆ?

ವಿದ್ಯುತ್ತು ಹೆಚ್ಚಿದರೆ ತಗಡು ತೂತಾದೀತು. ತಗ್ಗಿದರೆ ಅಂಚುಗಳು ಕೂಡವು. ಬೆಸುಗೆ ನಿಧಾನವಾಗಿ ಸಾಗಿದರೆ ಶಾಖ ಹಬ್ಬಿ ಸುತ್ತಲಿನ ಲೋಹ ಬಲಗುಂದುತ್ತದೆ. ಸಕ್ಕರೆಯ ಪಾಕದಂತೆ ಇಲ್ಲಿಯೂ ಹದವೇ ಮುಖ್ಯ. ಆದರೆ ಹದವನ್ನು ಕಾಣುವ ಬಗೆ ಹೇಗೆ?

ವಿದ್ಯುತ್ತು, ವೇಗ, ಅನಿಲದ ಹರಿವು, ವಿದ್ಯುದಗ್ರಕ್ಕೂ ತಗಡಿಗೂ ನಡುವಣ ಅಂತರ ಎಂಬ ನಾಲ್ಕು ಅಂಶಗಳನ್ನು ಮೂರು ಮೂರು ಮಟ್ಟಗಳಲ್ಲಿ ಬೆರಸಿದರೆ 81 ಪ್ರಯೋಗಗಳಾಗುತ್ತವೆ. ಜಪಾನಿನ ಗೆನಿಚಿ ಟಾಗುಚಿ ಪ್ರಚಾರಕ್ಕೆ ತಂದ ಕೋಷ್ಟಕಗಳ ಕ್ರಮದಲ್ಲಿ 9 ಸಾಕು. ಯಾವ ಎರಡು ಅಂಶಗಳನ್ನು ತೆಗೆದುಕೊಂಡರೂ ಅವುಗಳ ಎಲ್ಲ ಮಟ್ಟಗಳೂ ಒಮ್ಮೊಮ್ಮೆ ಜೊತೆಗೂಡುವಂತೆ ಅವನ್ನು ಹೊಂದಿಸಿರುತ್ತಾರೆ. ಬೆಸೆದ ತುಂಡುಗಳನ್ನು ಯಂತ್ರದಲ್ಲಿ ಎಳೆದು ಮುರಿದರೆ, ಯಾವ ಅಂಶದ ಪ್ರಭಾವ ಎಷ್ಟೆಂಬುದು ತಿಳಿಯುತ್ತದೆ. ಆದರೂ ಲೆಕ್ಕವನ್ನೇ ನೆಚ್ಚುವಂತಿಲ್ಲ. ಒಂದು ಅಂಶ ಇನ್ನೊಂದರ ಗುಣವನ್ನು ಬದಲಿಸಬಹುದು. ಆದಕಾರಣ ದೊರೆತ ಹದದಲ್ಲಿ ಮತ್ತೊಮ್ಮೆ ಬೆಸೆದು ಪರೀಕ್ಷಿಸಲೇಬೇಕು.

ಹದ ದೊರೆತ ಮೇಲೂ ನಂಬಿಕೆಗೆ ಎಡೆಯಿಲ್ಲ. ಬೆಂಗಳೂರಿನ ಆ ಟ್ಯಾಂಕಿನ 115 ಮೀಟರು ಬೆಸುಗೆಯೂ ಕ್ಷಕಿರಣ, ಬಿರುಕುಗಳಲ್ಲಿ ಇಳಿಯುವ ಬಣ್ಣದ್ರವ, ಸೋರಿಕೆ — ಈ ಮೂರು ಪರೀಕ್ಷೆಗಳಲ್ಲಿಯೂ ನೂರಕ್ಕೆ ನೂರು ತೇರ್ಗಡೆಯಾಗಬೇಕಿತ್ತು. ತೊಂಬತ್ತೊಂಬತ್ತಕ್ಕೆ ಅಲ್ಲಿ ಬೆಲೆಯಿಲ್ಲ.