ಪವರ್ ಕಟ್ ಮಾಡಿದರೂ ಸೆನ್ಸರ್ ಉರೀತಿದೆಯೇ? ಡೇಟಾ ವೈರ್ ನೋಡ್ರಿ

ಮಣ್ಣಿನ ತೇವಾಂಶ ನೋಡಲು ಹೊಲದಲ್ಲಿ ಇಎಸ್‌ಪಿ32 ಬೋರ್ಡ್ ಇಟ್ಟಿದ್ದೀರಾ? ಬ್ಯಾಟರಿ ಉಳಿಸಲು ಎರಡು ರೀಡಿಂಗ್ ನಡುವೆ ಸೆನ್ಸರ್ ಬೋರ್ಡ್‌ನ ಪವರ್ ಕಟ್ ಮಾಡ್ತೀರಾ? ಹಾಗಾದ್ರೆ ಕಟ್ ಆದಾಗ ಅದರ ಎಲ್‌ಇಡಿ ಪೂರ್ತಿ ಆರುತ್ತದೋ, ಮಂದವಾಗಿ ಉರೀತಾನೇ ಇರ್ತದೋ ಒಮ್ಮೆ ನೋಡ್ರಿ. ಉರೀತಿದ್ದರೆ ಡೇಟಾ ವೈರ್‌ನಿಂದ ಕಳ್ಳದಾರಿಯಲ್ಲಿ ಕರೆಂಟ್ ಹೋಗ್ತಿದೆ ಅಂತ ಅರ್ಥ.

ಇದು ಸಣ್ಣ ವಿಷಯವಲ್ಲ. ಅರ್ಧ ವೋಲ್ಟೇಜ್‌ನಲ್ಲಿ ಸಿಕ್ಕಿಕೊಂಡ ಸೆನ್ಸರ್ ಸರಿಯಾಗಿ ರೀಸೆಟ್ ಆಗೋದಿಲ್ಲ. ಹ್ಯಾಂಗ್ ಆಗಬಹುದು, ತಪ್ಪು ಅಂಕಿ ಕೊಡಬಹುದು. ನೌಬಾದದಲ್ಲಿ ನಾನು ಸಾವಯವ ಶುಂಠಿ ಬೆಳೀತೀನಿ. ಮಣ್ಣು ಹಸಿ ಇದ್ದಾಗಲೂ ಸೆನ್ಸರ್ ‘ಒಣಗಿದೆ’ ಅಂದ್ರೆ ಡ್ರಿಪ್ ಓಡ್ತಾನೇ ಇರ್ತದೆ, ಗೆಡ್ಡೆ ಕೊಳೆ ಶುರುವಾಗ್ತದೆ. ಕೊಳೆ ಬಂದ ಮೇಲೆ ಸಾವಯವದಲ್ಲಿ ಮಾಡೋಕೆ ಹೆಚ್ಚೇನೂ ಉಳಿಯೋದಿಲ್ಲ.

ಯಾಕೆ ಹೀಗಾಗ್ತದೆ?

ಬಹಮನಿ ಕಾಲದ ನಮ್ಮ ನೌಬಾದ ಕರೇಜ್‌ಗೆ ಪಂಪ್ ಇಲ್ಲ. ಇಳಿಜಾರು ಇದ್ದ ಕಡೆ ನೀರು ತಾನೇ ಹರೀತದೆ. ಕರೆಂಟೂ ಅಷ್ಟೇ, ವೋಲ್ಟೇಜ್ ಹೆಚ್ಚಿರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಹೋಗ್ತದೆ. ಸೆನ್ಸರ್‌ನ ವಿಸಿಸಿ ಸೊನ್ನೆ ಇದ್ದು, ಇಎಸ್‌ಪಿ32ರ ಡೇಟಾ ಪಿನ್ 3.3 ವೋಲ್ಟ್‌ನಲ್ಲಿದ್ದರೆ ಇಳಿಜಾರು ಸಿದ್ಧವಾಯ್ತು. ಸೆನ್ಸರ್ ಚಿಪ್‌ನ ಪಿನ್ ಒಳಗಿರುವ ರಕ್ಷಣಾ ಡಯೋಡ್ ಅಥವಾ ಬೋರ್ಡ್ ಮೇಲಿನ ಪುಲ್‌ಅಪ್ ರೆಸಿಸ್ಟರ್ ಮೂಲಕ ಕರೆಂಟ್ ವಿಸಿಸಿಗೆ ಸೇರ್ತದೆ.

ಹೀಗೆ 5 ಮಿಲಿಆಂಪ್ ಸೋರಿದರೆ ದಿನಕ್ಕೆ 120 ಎಂಎಎಚ್. 2000 ಎಂಎಎಚ್ ಬ್ಯಾಟರಿ ಸೋರಿಕೆಯಿಂದಲೇ ಸುಮಾರು 17 ದಿನದಲ್ಲಿ ಖಾಲಿ. ಚಿಪ್‌ಗೂ ಹಾನಿ: ಊನೋ ಬೋರ್ಡ್‌ನ ಎಟಿಮೆಗಾ328ಪಿ ಚಿಪ್‌ಗೆ ಪಿನ್ ವೋಲ್ಟೇಜ್ ವಿಸಿಸಿಗಿಂತ 0.5 ವೋಲ್ಟ್‌ಗಿಂತ ಹೆಚ್ಚು ಮೇಲೆ ಹೋಗಬಾರದು. ವಿಸಿಸಿಯೇ ಸೊನ್ನೆ ಇದ್ದಾಗ 3.3 ವೋಲ್ಟ್ ಎಷ್ಟು ಹೆಚ್ಚಾಯ್ತು, ನೀವೇ ಲೆಕ್ಕ ಹಾಕ್ರಿ.

ಹುಡುಕೋದು ಹೇಗೆ?

1. ಸೆನ್ಸರ್‌ನ ಪ್ಲಸ್ ವೈರ್ ಮಾತ್ರ ಬಿಚ್ಚಿ. ಗ್ರೌಂಡ್ ಮತ್ತು ಡೇಟಾ ವೈರ್ ಹಾಗೇ ಇರಲಿ.
2. ಮಲ್ಟಿಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಸೆನ್ಸರ್‌ನ ವಿಸಿಸಿ ಮತ್ತು ಗ್ರೌಂಡ್ ನಡುವೆ ಅಳೀರಿ. ಸೊನ್ನೆ ಹತ್ತಿರ ಬರಬೇಕು. 1.5ರಿಂದ 2.7 ವೋಲ್ಟ್ ತೋರಿಸಿದರೆ ಸೋರಿಕೆ ಖಚಿತ.
3. ಡೇಟಾ ವೈರ್‌ಗಳನ್ನು ಒಂದೊಂದಾಗಿ ಬಿಚ್ಚಿ. ಯಾವುದನ್ನು ಬಿಚ್ಚಿದಾಗ ವೋಲ್ಟೇಜ್ ಬೀಳ್ತದೋ ಅದೇ ಕಳ್ಳದಾರಿ. ಎರಡು ವೈರ್‌ನಿಂದಲೂ ಬರಬಹುದು, ಹಾಗಾಗಿ ಎಲ್ಲವನ್ನೂ ನೋಡ್ರಿ.

ಸರಿ ಮಾಡೋದು ಹೇಗೆ?

- ಪವರ್ ಕಟ್ ಮಾಡುವ ಮೊದಲು ಕೋಡ್‌ನಲ್ಲೇ ಡೇಟಾ ಪಿನ್‌ಗಳನ್ನು ಪುಲ್‌ಅಪ್ ಇಲ್ಲದ ಇನ್‌ಪುಟ್ ಮಾಡ್ರಿ, ಇಲ್ಲವೇ ಲೋ ಮಾಡ್ರಿ. ದುಡ್ಡಿಲ್ಲದ ಮದ್ದು ಇದು.
- ಹೊರಗಿನ ಪುಲ್‌ಅಪ್ ರೆಸಿಸ್ಟರ್‌ಗಳನ್ನು ಸದಾ ಆನ್ ಇರುವ 3.3 ವೋಲ್ಟ್‌ಗೆ ಅಲ್ಲ, ಸೆನ್ಸರ್ ಜೊತೆಗೇ ಕಟ್ ಆಗುವ ಲೈನಿಗೆ ಜೋಡಿಸಿ.
- ಗ್ರೌಂಡ್ ಕಟ್ ಮಾಡಬೇಡಿ, ಪ್ಲಸ್ ಲೈನ್ ಕಟ್ ಮಾಡ್ರಿ. ಗ್ರೌಂಡ್ ತೆಗೆದರೆ ಕರೆಂಟ್ ಡೇಟಾ ಪಿನ್ ಮೂಲಕವೇ ವಾಪಸ್ ಹೋಗೋ ದಾರಿ ಹುಡುಕ್ತದೆ. ಪಿ-ಚಾನೆಲ್ ಮಾಸ್ಫೆಟ್ ಈ ಕೆಲಸಕ್ಕೆ ಸರಿ.
- 5 ವೋಲ್ಟ್ ಊನೋದಿಂದ ಇಎಸ್‌ಪಿ32ಗೆ ಬರುವ ಡೇಟಾ ವೈರ್‌ನಲ್ಲಿ 1 ಕಿಲೋಓಮ್ ಸರಣಿಯಲ್ಲಿ, 2 ಕಿಲೋಓಮ್ ಗ್ರೌಂಡ್‌ಗೆ ಹಾಕ್ರಿ, ಸುಮಾರು 3.3 ವೋಲ್ಟ್ ಸಿಗ್ತದೆ.
- ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಹಾಕುವ ಮೊದಲು ಬೋರ್ಡ್‌ನ ಬ್ಯಾಟರಿ ಬಿಚ್ಚಿ. ಎರಡೂ ಒಟ್ಟಿಗೆ ಬೇಕಿದ್ದರೆ ಬ್ಯಾಟರಿ ಲೈನಿಗೆ 1ಎನ್5819 ಡಯೋಡ್ ಹಾಕ್ರಿ. ಬೋರ್‌ವೆಲ್ ಪೈಪಿನ ನಾನ್ ರಿಟರ್ನ್ ವಾಲ್ವ್ ಮಾಡುವ ಕೆಲಸವೇ ಇದರದ್ದೂ.

ಸರಿ ಮಾಡಿದ ಮೇಲೆ ಎರಡನೇ ಹಂತದ ಅಳತೆಯನ್ನು ಮತ್ತೆ ಮಾಡ್ರಿ. ಸೊನ್ನೆ ಬಂದ ಮೇಲೂ ಮೊದಲ ವಾರ ಮೊಬೈಲ್ ಅಂಕಿಯನ್ನೇ ನಂಬಿ ವಾಲ್ವ್ ತೆರೀಬೇಡಿ. ಗೆಡ್ಡೆ ಹತ್ತಿರ ಒಂದು ಗೇಣು ಮಣ್ಣು ಕೆದರಿ, ಕೈಯಲ್ಲಿ ಹಿಡಿದು ತಾಳೆ ನೋಡ್ರಿ.